ಪಂಕ್ಚರ್ ಅಂಗಡಿಯ ಅಟ್ಟದಲ್ಲಿ ಗುಣಾಕಾರದ ಕಾವಲು

ಇವತ್ತು ಮಾಡಬೇಕಾದ ಕ್ರಿಯೆ ಯಾವುದೂ ಇಲ್ಲ. ತೀರ್ಥಹಳ್ಳಿಯಲ್ಲಿ ಹದಿಮೂರು ದಿನದ ಕೆಲಸ ಮುಗಿಸಿ ನಿನ್ನೆ ಸಂಜೆ ಸಾಗರದ ಬಾಡಿಗೆ ಮನೆಯ ಬೀಗ ತೆಗೆದಿದ್ದೇನೆ. ಎದುರುಮನೆಯವರು ಎಂದಿನ ಹೊತ್ತಿಗೆ ನೀರಿನ ಪಂಪು ಹಚ್ಚಿದ್ದಾರೆ. ಬಾಗಿಲ ಸಂದಿಯಲ್ಲಿ ಪೇಪರು ಬಿದ್ದಿದೆ. ನನ್ನ ಗಂಡ ಸುಘೋಷ ತೀರಿಕೊಂಡ ನಂತರದ ಮೊದಲ ಮಾಮೂಲಿ ಬೆಳಿಗ್ಗೆ. ಅವನ ಮೇಜಿನ ಕೆಳಗೆ ಒಂದು ಹಸಿರು ದೀಪ ಉರಿಯುತ್ತಿದೆ. ಇಂಟರ್‌ನೆಟ್ಟಿನದಿರಬೇಕು ಎಂದುಕೊಂಡು ಬಾಗಿಲು ಹಾಕಿ ಮೊದಲ ಬಸ್ಸಿಗೆ ಹೊರಡುತ್ತೇನೆ.

ಈ ಪುರವಣಿಗೆ ನಾನು ಬರೆಯುವುದು ಅಪರೂಪ. ‘ಬರೆಯೋದಾದ್ರೆ ನಮ್ಮ ಕಂಪನಿ ಸ್ವಾತಿ ಬಗ್ಗೆ ಬರಿ, ಅವಳ ಹೆಸರು ಎಲ್ಲೂ ಬರೋದಿಲ್ಲ’ ಎಂದು ಸುಘೋಷ ಹೇಳುತ್ತಲೇ ಇದ್ದ. ಭೇಟಿಯ ದಿನವನ್ನೂ ಅವನೇ ಗೊತ್ತುಮಾಡಿದ್ದ. ಮುಂದೆ ಹಾಕೋಣವೇ ಎಂದು ಸ್ವಾತಿ ಮೆಸೇಜು ಕಳಿಸಿದ್ದರು. ಮುಂದೆ ಹಾಕಿ ಮಾಡುವುದೇನು ಎಂದು ನನಗೆ ಹೊಳೆಯಲಿಲ್ಲ.

ಆನಂದಪುರದಲ್ಲಿ ಬಸ್ಸು ಇಳಿದಾಗ ಇನ್ನೂ ಮಬ್ಬುಗತ್ತಲೆ. ಶಿವಮೊಗ್ಗದ ರಸ್ತೆಯ ಅಂಚಿಗೆ ಜಟ್ಟಿಂಗಪ್ಪನವರ ಪಂಕ್ಚರ್ ಅಂಗಡಿ. ಎದುರಿಗೆ ಟಯರುಗಳ ರಾಶಿ, ಉದ್ದಕ್ಕೆ ಸೀಳಿದ ಡ್ರಮ್ಮಿನಲ್ಲಿ ನೀರು. ಒಳಗಿನ ಮರದ ಏಣಿ ಹತ್ತಿದರೆ ಅಟ್ಟ. ಅಲ್ಲಿ ಅವರ ಮಗಳು, ಮೂವತ್ತೇಳು ವರ್ಷದ ಸ್ವಾತಿ, ಶಾಲು ಹೊದ್ದು ಪರದೆಯ ಮುಂದೆ ಕೂತಿದ್ದಾರೆ. ರಾತ್ರಿಯಿಡೀ ಓಡಿದ ಲೆಕ್ಕಗಳ ಫಲಿತಾಂಶ ಮೇಲಿನಿಂದ ಕೆಳಕ್ಕೆ ಸರಿಯುತ್ತಿದೆ. ಹಸಿರು ಸಾಲುಗಳು. ಕೆಂಪು ಕಂಡರೆ ಅವರ ಕೆಲಸ ಶುರು.

“ಅಪ್ಪಾ, ಕಂಪ್ರೆಸರ್ ಹಚ್ಬೇಡ, ಸ್ವಲ್ಪ ತಡಿ!” ಎಂದು ಏಣಿಯ ಕಂಡಿಯಿಂದ ಕೂಗುತ್ತಾರೆ. ಕಂಪ್ರೆಸರ್ ಓಡತೊಡಗಿದರೆ ಅಟ್ಟದ ಹಲಗೆ ನಡುಗುತ್ತದೆ, ವೋಲ್ಟೇಜು ಕುಸಿಯುತ್ತದೆ.

“ಲಾರಿಯವ್ನು ಕಾಯ್ತಾವ್ನೆ. ಅವ್ನಿಗೆ ನಿನ್ನ ಗುಣಾಕಾರ ಹೇಳಾಕಾಗ್ತದಾ?” ಕೆಳಗಿನಿಂದ ಜಟ್ಟಿಂಗಪ್ಪನವರ ಉತ್ತರ. ಆಮೇಲೆ ಏಣಿಯ ಬಳಿ ನಿಂತ ನನ್ನನ್ನು ನೋಡಿ ದನಿ ಇಳಿಸುತ್ತಾರೆ. “ಬಂದ್ರಾ ಅಮ್ಮಾ. ಕೂತ್ಕಳಿ. ನಂದೂ ಅವಳದೂ ಒಂದೇ ಕೆಲ್ಸ. ಟ್ಯೂಬಿಗೆ ಗಾಳಿ ತುಂಬಿ ನೀರಿಗೆ ಅದ್ದೋದು, ಗುಳ್ಳೆ ಎಲ್ಲಿ ಬರ್ತದೆ ನೋಡೋದು. ನನ್ನ ಗುಳ್ಳೆ ಊರಿಗೆಲ್ಲ ಕಾಣ್ತದೆ. ಇವಳದ್ದು ಇವಳಿಗೊಬ್ಬಳಿಗೇ ಕಾಣೋದು.”

ಸ್ವಾತಿ ಏನು ಪರೀಕ್ಷಿಸುತ್ತಾರೆ ಎಂದು ಆನಂದಪುರದಲ್ಲಿ ಕೇಳಿದರೆ ‘ಕಂಪ್ಯೂಟರ್ ಕೆಲ್ಸ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದಿಲ್ಲ. ನನಗೂ ಅಷ್ಟೇ ಗೊತ್ತಿತ್ತು. ಕೇಳಿದಾಗ ಅವರು ಕೆಳಗಿಳಿದು, ಟ್ಯೂಬಿನ ತೂತಿನ ಸುತ್ತ ಗುರುತು ಹಾಕಲು ಅಪ್ಪ ಇಟ್ಟುಕೊಂಡ ಸೀಮೆಸುಣ್ಣ ಎತ್ತಿಕೊಂಡು, ಗೋಡೆಗೆ ಒರಗಿಸಿದ್ದ ಹಳೆಯ ಲಾರಿ ಟಯರಿನ ಮೇಲೆ ಇಪ್ಪತ್ನಾಲ್ಕು ಎಂದು ಬರೆಯುತ್ತಾರೆ.

“ಇದನ್ನ ಹದಿಮೂರರಿಂದ ಗುಣಿಸ್ಬೇಕು. ಬರೆಯಕ್ಕೆ ಬೇರೆ ಜಾಗ ಇಲ್ಲ, ಉತ್ತರಾನೂ ಇಲ್ಲೇ ಬರೀಬೇಕು ಅಂದ್ಕೊಳ್ಳಿ. ಮೊದ್ಲು ಮೂರರಿಂದ ಗುಣಿಸ್ದೆ. ಎಪ್ಪತ್ತೆರಡು.” ಬೆರಳಿನಿಂದ ಇಪ್ಪತ್ನಾಲ್ಕನ್ನು ಒರೆಸಿ ಅಲ್ಲೇ ಎಪ್ಪತ್ತೆರಡು ಬರೆಯುತ್ತಾರೆ. “ಈಗ ಹತ್ತರಿಂದ ಗುಣಿಸ್ಬೇಕು. ಯಾವುದನ್ನ?”

“ಇಪ್ಪತ್ನಾಲ್ಕನ್ನು.”

“ಎಲ್ಲಿದೆ?”

ಇಲ್ಲ. ಅಲ್ಲಿ ಎಪ್ಪತ್ತೆರಡು ಇದೆ. ಅದನ್ನೇ ಹತ್ತರಿಂದ ಗುಣಿಸಿ ಕೂಡಿದರೆ ಏಳುನೂರ ತೊಂಬತ್ತೆರಡು. ಸರಿಯಾದ ಉತ್ತರ ಮುನ್ನೂರ ಹನ್ನೆರಡು.

“ಗುಣಿಸೋ ಅಂಕಿ ಬರೀ ಮೂರಾಗಿದ್ರೆ ತಪ್ಪೇ ಆಗ್ತಿರ್ಲಿಲ್ಲ ನೋಡಿ. ಸಣ್ಣ ಅಂಕಿಯಲ್ಲಿ ಎಲ್ಲಾ ಸರಿ ಬರುತ್ತೆ. ಅದಕ್ಕೇ ಪ್ರೋಗ್ರಾಮ್ ಬರೆದವರಿಗೆ ಧೈರ್ಯ” ಎನ್ನುತ್ತಾರೆ ಸ್ವಾತಿ. ಕಂಪ್ಯೂಟರಿನ ನೆನಪಿನಲ್ಲಿ ಪ್ರತಿ ಸಂಖ್ಯೆಗೂ ಒಂದು ಜಾಗ. ಲೆಕ್ಕ ಮಾಡುವ ಪ್ರೋಗ್ರಾಮಿಗೆ ‘ಇಲ್ಲಿಂದ ಓದು, ಅಲ್ಲಿಂದ ಓದು, ಉತ್ತರ ಇನ್ನೊಂದು ಕಡೆ ಇಡು’ ಎಂದು ಹೇಳಬೇಕು. ಹಾಗೆ ಹೇಳುವವರು ಎಷ್ಟೋ ಸಲ ಓದುವ ಜಾಗವನ್ನೇ ಉತ್ತರದ ಜಾಗವೆಂದು ಕೊಡುತ್ತಾರೆ. ಒಂದೇ ಜಾಗಕ್ಕೆ ಎರಡು ಹೆಸರು. ಪೂರ್ತಿ ಓದುವ ಮೊದಲೇ ಬರೆದುಬಿಟ್ಟರೆ ಪ್ರಶ್ನೆಯೇ ಅಳಿಸಿಹೋಗುತ್ತದೆ. ಯಂತ್ರ ಅನುಮಾನಪಡುವುದಿಲ್ಲ, ತಪ್ಪು ಉತ್ತರವನ್ನು ಸರಿ ಉತ್ತರದಷ್ಟೇ ಸಲೀಸಾಗಿ ಕೊಡುತ್ತದೆ.

ಇದನ್ನು ಹುಡುಕುವುದೇ ಸ್ವಾತಿಯವರ ಉದ್ಯೋಗ. ಎರಡು ಸಂಖ್ಯೆ, ಒಂದು ಉತ್ತರ. ಮೂರನ್ನೂ ಬೇರೆಬೇರೆ ಜಾಗದಲ್ಲಿಟ್ಟು ಒಮ್ಮೆ ಲೆಕ್ಕ ಮಾಡಿಸುತ್ತಾರೆ. ಆಮೇಲೆ ಉತ್ತರವನ್ನು ಮೊದಲನೆಯದರ ಮೇಲೆ, ಎರಡನೆಯದರ ಮೇಲೆ, ಎರಡೂ ಸಂಖ್ಯೆ ಒಂದೇ ಆಗಿದ್ದರೆ ಅವನ್ನು ಒಂದೇ ಜಾಗದಲ್ಲಿ, ಕೊನೆಗೆ ಮೂರನ್ನೂ ಒಂದರಲ್ಲೇ. ಜಾಗ ಬದಲಾದರೂ ಉತ್ತರ ಬದಲಾಗಬಾರದು. ಸಂಖ್ಯೆಗಳು ಎಂಥವೆಂದರೆ, ಒಂದನ್ನು ಬರೆದರೆ ಪುಟದ ಅರ್ಧ ತುಂಬುತ್ತದೆ. ಒಂದು ರಾತ್ರಿಗೆ ಇಂಥ ಲಕ್ಷಾಂತರ ಲೆಕ್ಕ. ಬೆಳಿಗ್ಗೆ ಕಾಫಿ ಆರುವುದರೊಳಗೆ ಅಷ್ಟನ್ನೂ ನೋಡಿ ಮುಗಿಸುತ್ತಾರೆ.

ಕಂಪನಿಯ ಹೆಸರು ಬರೆಯಬೇಡಿ ಎಂದಿದ್ದಾರೆ. ಸಣ್ಣ ಕಂಪನಿ. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ರಕ್ತಪರೀಕ್ಷೆಯ ವರದಿಗೆ ಬೀಗ ಹಾಕಿ, ಸಹಿ ಮಾಡಿ ದೊಡ್ಡಾಸ್ಪತ್ರೆಗೆ ಕಳಿಸುವ ಪುಟ್ಟ ಯಂತ್ರ ಅವರದು. ಆ ಬೀಗ, ಆ ಸಹಿ ಎರಡೂ ಈ ದೊಡ್ಡ ಸಂಖ್ಯೆಗಳ ಗುಣಾಕಾರದ ಮೇಲೆ ನಿಂತಿವೆ. “ತಪ್ಪು ಲೆಕ್ಕದಿಂದ ಹಾಕಿದ ಒಂದು ಸಹಿ ಹೊರಗೆ ಹೋದ್ರೆ ಸಾಕು ಮೇಡಂ. ಬಲ್ಲವರು ಅದನ್ನ ಇಟ್ಕೊಂಡು ಬೀಗದಕೈನೇ ಲೆಕ್ಕಹಾಕಿ ತೆಗೀತಾರೆ. ಆಮೇಲೆ ಯಾರ ರಿಪೋರ್ಟನ್ನ ಯಾರು ಬೇಕಾದ್ರೂ ತಿದ್ದಬಹುದು” ಎನ್ನುವಾಗ ಸ್ವಾತಿಯವರ ದನಿ ಏರುವುದಿಲ್ಲ.

ಸಾಗರದ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿದ ಸ್ವಾತಿ ಹೊಸನಗರದಲ್ಲಿ ಕೆಲವು ವರ್ಷ ಡಾಟಾ ಎಂಟ್ರಿ ಮಾಡಿದವರು. ಅಮ್ಮ ಗುತ್ಯಮ್ಮನಿಗೆ ಸೊಂಟದ ಆಪರೇಷನ್ ಆದ ಮೇಲೆ ಊರಿಗೆ ಬಂದು ಎದುರಿನ ಪೆಟ್ರೋಲ್ ಬಂಕಿನಲ್ಲಿ ಲೆಕ್ಕಕ್ಕೆ ಕೂತರು. ಅಲ್ಲಿ ಒಂದು ದಿನ ಒಂದನೇ ಟ್ಯಾಂಕಿನಿಂದ ಎರಡನೆಯದಕ್ಕೆ ನೂರು ಲೀಟರ್ ಡೀಸೆಲ್ ವರ್ಗಾಯಿಸಿದ್ದನ್ನು ಬರೆಯುವಾಗ, ಬೆರಳು ಜಾರಿ ‘ಒಂದರಿಂದ ಒಂದಕ್ಕೆ’ ಎಂದು ಹೊಡೆದರು. ನೂರು ಕಳೆದ ಲೆಕ್ಕದ ಮೇಲೆಯೇ ನೂರು ಕೂಡಿದ ಲೆಕ್ಕ ಬರೆದುಹೋಗಿ, ಕಂಪ್ಯೂಟರಿನಲ್ಲಿ ಒಂದನೇ ಟ್ಯಾಂಕಿನ ಡೀಸೆಲ್ ನೂರು ಲೀಟರ್ ಹೆಚ್ಚಾಯಿತು.

“ಬಂಕಿನ ಓನರ್ ಹತ್ರ ಹೇಳ್ದೆ, ಇನ್ನೂ ಹತ್ತು ಸಲ ಹೊಡಿ ಅಂದ್ರು” ಎಂದು ಸ್ವಾತಿ ನಗುತ್ತಾರೆ. ನಾನು ನೋಡಿದ ಒಂದೇ ನಗು ಅದು.

ಅದೇ ವಾರ ಸುಘೋಷನ ಬೈಕಿನ ಹಿಂದಿನ ಚಕ್ರ ಈ ಅಂಗಡಿಯ ಮುಂದೆ ಕೂತಿತು. ಪ್ಯಾಚ್ ಒಣಗುವವರೆಗೆ ಅವನು ಫೋನಿನಲ್ಲಿ ಯಾರಿಗೋ ಗುಣಾಕಾರದ ಕೋಡಿನ ಬಗ್ಗೆ ಹೇಳುತ್ತಿದ್ದ. ಊಟದ ಡಬ್ಬಿ ಒಯ್ಯಲು ಬಂದ ಸ್ವಾತಿ ನಿಂತು ಕೇಳಿ, “ಸರ್, ಎರಡೂ ಒಂದೇ ಆದ್ರೆ?” ಎಂದರಂತೆ. ಮನೆಗೆ ಬಂದ ಸುಘೋಷ ಶೂ ಬಿಚ್ಚುವ ಮೊದಲೇ ನನಗೆ ಇದನ್ನು ಹೇಳಿದ್ದ. ಆರು ತಿಂಗಳಲ್ಲಿ ಅವರನ್ನು ತನ್ನ ಕಂಪನಿಯಲ್ಲೇ ಕೆಲಸಕ್ಕೆ ಸೇರಿಸಿದ.

ಕೆಲಸ ಇಂದಿಗೂ ಗುತ್ತಿಗೆಯದು. ಯಂತ್ರ ಹೊರಬರುವಾಗ ಪ್ರಕಟಿಸುವ ಹೆಸರುಗಳ ಪಟ್ಟಿಯಲ್ಲಿ ಇವರ ಹೆಸರಿಲ್ಲ. ಕಣ್ಣಿಗೆ ಈಗಾಗಲೇ ಎರಡು ಬಗೆಯ ಕನ್ನಡಕ. ತಪ್ಪು ಹಿಡಿದು ಕಳಿಸಿದರೆ ಮೊದಲು ಬರುವ ಉತ್ತರ ‘ಹಾಗೆ ಯಾರು ಬಳಸ್ತಾರೆ?’ ಎಂಬುದು. ಊರಿನಲ್ಲಿ ಮದುವೆಯ ಮಾತು ಎತ್ತುವವರು ಇನ್ನೂ ಇದ್ದಾರೆ. “ಗಂಡು ನೋಡಾಕೆ ಬಂದ್ರೆ ಅವ್ನಲ್ಲೂ ಐದು ನಮೂನೆ ತಪ್ಪು ಹುಡುಕ್ತಾಳೆ” ಎನ್ನುತ್ತ ಗುತ್ಯಮ್ಮ ನನಗೆ ರೊಟ್ಟಿ ಕೊಡುತ್ತಾರೆ. ಕೊಟ್ಟ ಮೇಲೆ ನನ್ನ ಎದುರು ಮದುವೆಯ ಮಾತಾಡಿದೆನಲ್ಲ ಎಂದು ಅನಿಸಿರಬೇಕು, ಎದ್ದು ಒಳಗೆ ಹೋಗುತ್ತಾರೆ.

ಒಂಬತ್ತಕ್ಕೆ, ಮತ್ತೆ ಅಟ್ಟದಲ್ಲಿ ಕೂತಿದ್ದಾಗ, ಕಂಪನಿಯಿಂದ ಫೋನು. ಸ್ವಾತಿ ಸ್ಪೀಕರಿಗೆ ಹಾಕಿಯೇ ಮಾತಾಡುತ್ತಾರೆ. ಕೈ ಕೀಬೋರ್ಡಿನ ಮೇಲಿದೆ.

“ಸ್ವಾತಿ, ಆ ಮಲ್ಟಿಪ್ಲಿಕೇಶನ್ ಕಂಪ್ಲೇಂಟ್ ನಮ್ಮ ಯಾವ ಮಷೀನಲ್ಲೂ ಬರ್ತಿಲ್ಲ. ಎವಿಡೆನ್ಸ್ ಇದ್ರೆ ಕಳಿಸಿ. ಇಲ್ಲಾಂದ್ರೆ ಶನಿವಾರ ಕ್ಲೋಸ್ ಮಾಡಿ ರಿಲೀಸ್ ಮಾಡ್ತೀವಿ.”

“ಹೊಸ ಮಷೀನಲ್ಲಿ ಬರಲ್ಲ ಸರ್. ಹಳೇ ಮಾಡೆಲ್ ಪೆಟ್ಟಿಗೇಲಿ ಮಾತ್ರ ಬರೋದು. ಆರೋಗ್ಯ ಕೇಂದ್ರದಲ್ಲಿ ಇರೋದು ಹಳೇದೇ.”

“ಹಾಗಾದ್ರೆ ಅದ್ರಲ್ಲಿ ರನ್ ಮಾಡಿ ಕಳಿಸಿ.”

“ಪೆಟ್ಟಿಗೆ ಈಗ ನನ್ನತ್ರ ಇಲ್ಲ.”

“ಎಲ್ಲಿದೆ?”

“ಒಬ್ರು ತಗೊಂಡ್ ಹೋಗಿದಾರೆ. ಬರುತ್ತೆ ಸರ್.”

ಫೋನು ಇಟ್ಟ ಮೇಲೆ ಕೆಳಗಿನಿಂದ ಜಟ್ಟಿಂಗಪ್ಪನವರು ತಡೆಯಲಾರದೆ ಕೂಗುತ್ತಾರೆ. “ಒಬ್ರು ಅಂತೆ, ಒಬ್ರು! ಎದುರಿಗೇ ಕೂತಾರಲ್ಲ, ಕೇಳಾಕೆ ಎಂತ ಬಾಯಿಗೆ ಪ್ಯಾಚ್ ಹಾಕ್ಕಂಡೀಯಾ? ಅಮ್ಮಾ, ಆ ಪೆಟ್ಟಿಗೆ ನಿಮ್ಮ ಮನೇಲೇ ಐತೆ.”

“ಅಪ್ಪಾ!”

“ಸುಮ್ಕಿರ್ರೀ” ಎಂದು ಒಳಗಿನಿಂದ ಗುತ್ಯಮ್ಮನ ಗದರಿಕೆ. “ಸಾವಿನ ಮನೆಗೆ ಕೊಟ್ಟ ಸಾಮಾನು ಮೊದಲ್ನೇ ತಿಂಗಳು ಆಗೋ ತನಕ ಕೇಳಬಾರ್ದು. ನಾನೇ ಅವಳಿಗೆ ಹೇಳಿದ್ದು.”

ಹದಿಮೂರನೆಯ ದಿನ ಸ್ವಾತಿ ಎರಡು ಬಸ್ಸು ಬದಲಿಸಿ ತೀರ್ಥಹಳ್ಳಿಗೆ ಬಂದಿದ್ದರು. ಕೊನೆಯ ಪಂಕ್ತಿಯಲ್ಲಿ ಕೂತು ಉಂಡರು. ನನ್ನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಹೊರಡ್ತೀನಿ ಮೇಡಂ ಎಂದು ಎದ್ದರು. ಅವರಿಗೆ ಶನಿವಾರದೊಳಗೆ ಬೇಕಾದ ವಸ್ತು ಬೀಗ ಹಾಕಿದ ನನ್ನ ಮನೆಯಲ್ಲಿತ್ತು ಎಂದು ಈಗ ಗೊತ್ತಾಗುತ್ತಿದೆ.

“ಆ ಗುಣಾಕಾರ ಬರೆದವರು ಯಾರು?” ಎಂದು ಕೇಳುತ್ತೇನೆ.

ಸ್ವಾತಿ ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ಉಜ್ಜುತ್ತ ಕೂರುತ್ತಾರೆ. “ಸುಘೋಷ್ ಸರ್. ಹಳೇ ಪೆಟ್ಟಿಗೇಲಿ ಜಾಗ ಕಡಿಮೆ. ಹೊಸದರಲ್ಲಿ ಅಂಕಿನ ಬೇರೆ ಕಡೆ ನಕಲು ಮಾಡ್ಕೊಂಡು ಆಮೇಲೆ ಗುಣಿಸುತ್ತೆ. ಹಳೇದಕ್ಕೆ ಸರ್ ಆ ನಕಲು ಬಿಟ್ಟು ಬೇರೆ ದಾರಿ ಬರೆದ್ರು. ಹೆಚ್ಚುಕಡಿಮೆ ಎಲ್ಲಾ ಅಂಕಿಗೂ ಸರಿ ಬರುತ್ತೆ. ಒಂದೊಂದು ಉದ್ದಕ್ಕೆ ಮಾತ್ರ ಕೊನೇ ತುಂಡು ಕೆಡುತ್ತೆ. ಒಂದು ರಾತ್ರಿ ನಂಗೆ ಕೆಂಪು ಬಂತು. ಸರ್ ಒಪ್ಪಲಿಲ್ಲ. ಜಗಳಾನೇ ಆಯ್ತು. ಪೆಟ್ಟಿಗೆ ಕೊಡು, ನಾನೇ ನೋಡ್ತೀನಿ ಅಂತ ಬಂದು ತಗೊಂಡ್ ಹೋದ್ರು. ಮಳೆ ಹನೀತಿತ್ತು. ಅಮ್ಮ ಪೆಟ್ಟಿಗೇನ ರೊಟ್ಟಿ ಡಬ್ಬೀಲಿ ಹಾಕಿ ಕೊಟ್ರು.”

“ತೋರಿಸಿದರೆ ತಪ್ಪಿನ ಎದುರು ಅವನ ಹೆಸರು ಬರುತ್ತದೆಯೇ?”

“ಬರೆದವರ ಹೆಸರು ತಾನಾಗೇ ಬರುತ್ತೆ ಮೇಡಂ. ತೆಗೆಯಕ್ಕಾಗಲ್ಲ.”

ಸಾಗರದ ಕಡೆಯ ಬಸ್ಸು ಬಂದಿತು. ನಾನು ಹತ್ತಿದೆ. ಪೆಟ್ಟಿಗೆ ತರುತ್ತೇನೆಂದೂ ಹೇಳಲಿಲ್ಲ, ತರುವುದಿಲ್ಲವೆಂದೂ ಹೇಳಲಿಲ್ಲ.

ಸುಘೋಷ ಸತ್ತದ್ದು ಹೊಸನಗರದಲ್ಲಿ, ಗೆಳೆಯನ ಮನೆಯ ಜಗಲಿಯಲ್ಲಿ. ಬೆಳಿಗ್ಗೆ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಹೋದವನು ಎದೆ ಹಿಡಿದು ಕೂತು ಏಳಲಿಲ್ಲ. ಅಲ್ಲಿಂದ ಅವನ ಊರು ತೀರ್ಥಹಳ್ಳಿಗೆ ತಂದರು. ಲ್ಯಾಪ್‌ಟಾಪನ್ನು ಕಂಪನಿಯವರು ಒಯ್ದರು. ನಾನು ಸಾಗರದ ಮನೆಗೆ ಬೀಗ ಹಾಕಿ ಹೊರಟಾಗ ಮೇನ್ ಸ್ವಿಚ್ ಆರಿಸುವ ಯೋಚನೆ ಯಾರಿಗೂ ಬರಲಿಲ್ಲ.

ಮನೆಯಲ್ಲಿ ಹಸಿರು ದೀಪ ಹಾಗೆಯೇ ಇದೆ. ಬಗ್ಗಿ ನೋಡುತ್ತೇನೆ. ಇಂಟರ್‌ನೆಟ್ಟಿನದು ಗೋಡೆಯ ಮೇಲಿದೆ, ಇದು ಬೇರೆ. ಕರೆಂಟ್ ಹೋದರೂ ಆರದಂತೆ ಇನ್ವರ್ಟರಿಗೆ ಸಿಕ್ಕಿಸಿದ ಅಂಗೈಯಗಲದ ಬೂದು ಪೆಟ್ಟಿಗೆ, ಮುಚ್ಚಳದ ಮೇಲೆ ಗುರುತಿಗೆ ಟ್ಯೂಬಿನ ಪ್ಯಾಚೊಂದನ್ನು ಅಂಟಿಸಿದ್ದಾರೆ. ಮುಟ್ಟಿದರೆ ಬೆಚ್ಚಗಿದೆ. ಸ್ವಲ್ಪ ಹೊತ್ತು ಅದರ ಮೇಲೆ ಕೈ ಇಟ್ಟುಕೊಂಡೆ. ಆಮೇಲೆ ಸ್ವಿಚ್ ಆರಿಸಿ ವಯರು ಸುತ್ತಿದೆ. ಅಡುಗೆಮನೆಯ ಪಾತ್ರೆಗಳ ನಡುವೆ ನಮ್ಮದಲ್ಲದ ಒಂದು ಸ್ಟೀಲ್ ಡಬ್ಬಿ ಇತ್ತು. ಪೆಟ್ಟಿಗೆ ಅದರಲ್ಲಿ ಸರಿಯಾಗಿ ಕೂತಿತು.

ಮಧ್ಯಾಹ್ನ ಮತ್ತೆ ಆನಂದಪುರ. ಡಬ್ಬಿ ಕಂಡು ಜಟ್ಟಿಂಗಪ್ಪನವರು ಕೈಯಲ್ಲಿದ್ದ ಟ್ಯೂಬನ್ನು ನೀರಿಗೆ ಬಿಟ್ಟು ಎದ್ದು ನಿಲ್ಲುತ್ತಾರೆ. ಅಟ್ಟದಲ್ಲಿ ಸ್ವಾತಿ ಪೆಟ್ಟಿಗೆ ಹೊರತೆಗೆದು ವಯರು ಬಿಚ್ಚುತ್ತಾರೆ.

“ದೀಪ ಉರಿಯುತ್ತಿತ್ತು. ಆರಿಸಿ ತಂದೆ” ಎನ್ನುತ್ತೇನೆ.

ಅವರ ಕೈ ನಿಲ್ಲುತ್ತದೆ. “ಉರೀತಿತ್ತಾ? ಇವತ್ತಿನ ತನಕ?”

“ಹೌದು. ಯಾಕೆ?”

“ಹಂಗಾದ್ರೆ ಓಡ್ತಾನೇ ಇತ್ತು. ಸರ್ ಹಚ್ಚಿಟ್ಟು ಹೋದ ಪರೀಕ್ಷೆ.”

“ಅದರಲ್ಲಿ ಏನು ಬಂದಿತ್ತು?”

ಸ್ವಾತಿ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. “ಈಗ ಗೊತ್ತಾಗಲ್ಲ ಮೇಡಂ. ಇದ್ರೊಳಗೆ ಬರೆದಿಡೋ ಜಾಗ ಇಲ್ಲ. ಕರೆಂಟ್ ತೆಗೆದ್ರೆ ಎಲ್ಲಾ ಮರ್ತುಬಿಡುತ್ತೆ. ಬೆಳಿಗ್ಗೆನೇ ನಾನು ಹೇಳ್ಬೇಕಿತ್ತು. ಸರ್ ಆರಿಸಿಟ್ಟಿರ್ತಾರೆ ಅಂದ್ಕೊಂಡೆ.”

“ಹೊಸನಗರಕ್ಕೆ ಹೊರಡುವ ಮೊದಲು ಅವನಿಗೆ ಕೆಂಪು ಕಂಡಿತ್ತೇ?”

“ಕಂಡಿದ್ರೆ ನಂಗೆ ಫೋನ್ ಮಾಡ್ತಿದ್ರು. ತಪ್ಪು ಒಪ್ಕೊಳ್ಳೋದ್ರಲ್ಲಿ ಸರ್ ತಡ ಮಾಡ್ತಿರ್ಲಿಲ್ಲ.” ಆಮೇಲೆ ತಾವೇ ತಿದ್ದಿಕೊಳ್ಳುತ್ತಾರೆ. “ಮಾಡ್ತಿದ್ರು ಅನ್ಸುತ್ತೆ. ಗೊತ್ತಿಲ್ಲ.”

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುವುದು ಅವರ ಕೆಲಸದ ಅಭ್ಯಾಸವಿರಬೇಕು. ಹದಿಮೂರು ದಿನ ಎಲ್ಲರೂ ನನಗೆ ಎಲ್ಲವನ್ನೂ ಗೊತ್ತಿದ್ದವರಂತೆ ಹೇಳಿದ್ದರು.

“ಹಚ್ಲಾ?” ಎಂದು ಕೇಳುತ್ತಾರೆ. ಪೆಟ್ಟಿಗೆ ಅವರದು, ಕೆಲಸ ಅವರದು. ಆದರೂ ನನ್ನನ್ನು ಕೇಳುತ್ತಿದ್ದಾರೆ.

“ಹಚ್ಚಿ.”

ಕೆಳಗೆ ಲಾರಿಯೊಂದು ಬಂದು ನಿಂತಿದೆ. ಜಟ್ಟಿಂಗಪ್ಪನವರು ಕಂಪ್ರೆಸರ್ ಹಚ್ಚುವುದಿಲ್ಲ. ಚಾಲಕ ಏನೋ ಗೊಣಗಿದ್ದಕ್ಕೆ “ತಡಿ ಮಾರಾಯ, ಮೇಲೆ ಗುಳ್ಳೆ ನೋಡ್ತಾವ್ರೆ” ಎನ್ನುತ್ತಾರೆ. ಪರದೆಯಲ್ಲಿ ಹಸಿರು ಸಾಲುಗಳು ಹರಿಯುತ್ತವೆ, ಬಹಳ ಹೊತ್ತು. ತಪ್ಪೇ ಇಲ್ಲವೇನೋ, ಸುಘೋಷನದೇ ಸರಿಯೇನೋ ಎಂದುಕೊಳ್ಳುವಷ್ಟು ಹೊತ್ತು. ಆಮೇಲೆ ಒಂದು ಕೆಂಪು ಸಾಲು. ಸ್ವಾತಿ ಅದೇ ಲೆಕ್ಕವನ್ನು ಮತ್ತೆ ಮಾಡಿಸುತ್ತಾರೆ. ಕೆಂಪು. ಜಾಗ ಬೇರೆ ಮಾಡಿ ನೋಡುತ್ತಾರೆ. ಹಸಿರು. ಒಂದೇ ಜಾಗಕ್ಕೆ ತರುತ್ತಾರೆ. ಕೆಂಪು.

ವರದಿ ಬರೆಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಯಾವ ಲೆಕ್ಕ, ಎಷ್ಟು ಉದ್ದದ ಅಂಕಿ, ಯಾವ ಜಾಗ. ಬರೆದವರು ಎಂಬಲ್ಲಿ ಸುಘೋಷನ ಹೆಸರು ತಾನಾಗಿಯೇ ಬಂದು ಕೂರುತ್ತದೆ. ಹಿಡಿದವರು ಎಂಬ ಜಾಗವೇ ಅದರಲ್ಲಿಲ್ಲ. ಕಳಿಸುವ ಮೊದಲು ಸ್ವಾತಿ ಪರದೆಯನ್ನು ನನ್ನ ಕಡೆ ತಿರುಗಿಸುತ್ತಾರೆ. ನಾನು ಓದಿ ತಲೆಯಾಡಿಸುತ್ತೇನೆ. ಸಂಜೆಗೆ ಕಂಪನಿಯಿಂದ ಒಂದು ಸಾಲು ಬರುತ್ತದೆ: ಶನಿವಾರದ ಬಿಡುಗಡೆ ನಿಲ್ಲಿಸಲಾಗಿದೆ. ಧನ್ಯವಾದ ಎಂದು ಬರೆದಿಲ್ಲ. ಅದಿರುವುದಿಲ್ಲ ಎಂದು ಸ್ವಾತಿಗೆ ಗೊತ್ತು.

ಹೊರಡುವಾಗ ಡಬ್ಬಿಯನ್ನು ಗುತ್ಯಮ್ಮನಿಗೆ ಕೊಡುತ್ತೇನೆ. ನಮ್ಮ ಕಡೆ ಇನ್ನೊಬ್ಬರ ಮನೆಯ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ, ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತೇವೆ. ನನ್ನ ಮನೆಯಿಂದ ಈಗ ಸಿಹಿ ಹೋಗಬಹುದೇ ಎಂದು ತಿಳಿಯದೆ ಏನನ್ನೂ ಹಾಕಿರಲಿಲ್ಲ.

“ಡಬ್ಬಿ ಖಾಲಿ ಇದೆ” ಎನ್ನುತ್ತೇನೆ.

“ಖಾಲಿ ಎಲ್ಲಿ ಬಂತು ಮಗಾ? ಕೊ‌ಟ್ಟಿದ್ದು ಅದ್ರೊಳಗೇ ಬಂತಲ್ಲ” ಎಂದು ಗುತ್ಯಮ್ಮ ಅದನ್ನು ಸೆರಗಿನಲ್ಲಿ ಒರೆಸುತ್ತಾರೆ.

ಕೊನೆಗೆ ಕೇಳಲೇಬೇಕಾದ ಪ್ರಶ್ನೆಯನ್ನು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ಸ್ವಾತಿಯನ್ನು ಕೇಳುತ್ತೇನೆ. ನಿಮಗೇನು ಬೇಕು? ಕಾಯಂ ಕೆಲಸ, ಹೆಸರು, ಗದ್ದಲವಿಲ್ಲದ ಕೋಣೆ, ಯಾವುದನ್ನಾದರೂ ಹೇಳುತ್ತಾರೆಂದು ಕಾಯುತ್ತೇನೆ. ಅವರು ಸಾಗರದ ಕಡೆಗಿನ ತಿರುವನ್ನು ನೋಡುತ್ತ ನಿಂತಿದ್ದಾರೆ.

“ಆ ಪೆಟ್ಟಿಗೆ ಥರದ್ದೇ ಇನ್ನೊಂದು. ಹಳೇದಾದ್ರೂ ಅಡ್ಡಿ ಇಲ್ಲ.”

“ನಿಮ್ಮದು ಬಂತಲ್ಲ.”

“ಬಂತು ಮೇಡಂ. ಆದ್ರೂ ಯಾರಾದ್ರೂ ಕೇಳಿದ್ರೆ ಕೊಡಕ್ಕೆ ಒಂದು ಬೇಕಲ್ಲ.”